ಗೃಹಾಲಂಕಾರ: ಬಿಸಿಲಿಗೊಂದು ಕೋಣೆ

ಮನೆಯನ್ನು ಕಟ್ಟಿಸುವವರು ದೇವರ ಮನೆ ಎಲ್ಲಿರಬೇಕು, ಒಲೆ ಯಾವ ದಿಕ್ಕಿಗಿರಬೇಕು, ವಾಹನವನ್ನು ಎಲ್ಲಿ ನಿಲ್ಲಿಸಬೇಕು ಎಂದು ಹತ್ತು ಸಲ ಆಲೋಚಿಸುವರು. ಬಿಸಿಲು ಎಲ್ಲಿ ಬಂದು ಬೀಳಬೇಕೆಂದು ಆಲೋಚಿಸುವವರು ಅಪರೂಪ. ನಮ್ಮ ಹಿರಿಯರಿಗೆ ಈ ಚಿಂತೆಯ ಅಗತ್ಯವೇ ಇರಲಿಲ್ಲ. ತೊಟ್ಟಿಯ ಮನೆಯ ನಡುವೆ ಆಕಾಶವೇ ತೆರೆದಿರುತ್ತಿತ್ತು. ಮುಂದೆ ಜಗಲಿ, ಮೇಲೆ ಬಿಸಿಲುಮಚ್ಚು, ಕತ್ತಲೆಯ ಕೋಣೆಗಳಿಗೆ ಮಾಡಿನಲ್ಲಿ ಬೆಳಕಿಂಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಊರೂರಿಗೂ ಹರಡಿದ ಆ ಕೆಂಪು ಹೆಂಚುಗಳ ನಡುವೆ ಗಾಜಿನ ಹೆಂಚು ಒಂದೆರಡನ್ನು ಹೊದಿಸಿ, ಅಡಿಗೆಯ ಮನೆಗೆ ಬೆಳಕನ್ನು ಇಳಿಸಿಕೊಳ್ಳುವ ರೂಢಿಯೂ ಬಂದಿತು. ಈಗಿನ ಪಟ್ಟಣಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುವುದರಿಂದ ಬಿಸಿಲನ್ನು ನಾವೇ ಕರೆದು ಕೂರಿಸಬೇಕಾಗಿದೆ. ಮುಂದಿನ ವರಾಂಡಾವನ್ನೋ ಬಾಲ್ಕನಿಯನ್ನೋ ಗಾಜಿನಿಂದ ಮುಚ್ಚಿ ‘ಸನ್‌ರೂಮ್’ ಎಂದು ಕರೆಯುವ ಪದ್ಧತಿ ಹಬ್ಬಿರುವುದು ಈ ಕಾರಣದಿಂದಲೇ. ನಾವು ಇದನ್ನು ಬಿಸಿಲುಕೋಣೆ ಎನ್ನೋಣ. ಇಂತಹ ಕೋಣೆಯನ್ನು ಅಲಂಕರಿಸುವ ಬಗೆಯನ್ನು ಈ ತಿಂಗಳು ವಿಚಾರ ಮಾಡಬೇಕೆಂದಿದ್ದೇವೆ. ಇದರಲ್ಲಿ ನಾವೇ ಒಮ್ಮೆ ತಪ್ಪಿ ನಡೆದು, ಆಮೇಲೆ ತಿದ್ದಿಕೊಂಡವರಾದ ಕಾರಣ, ಆ ತಪ್ಪನ್ನೇ ಮೊದಲು ಹೇಳುವುದು ಲೇಸು.

ಬೆಂಗಳೂರಿನ ನಮ್ಮ ಮನೆಗೆ ಪೂರ್ವದ ಕಡೆ 11 ಅಡಿ ಉದ್ದ, 8 ಅಡಿ ಅಗಲದ ಒಂದು ವರಾಂಡಾ ಉಂಟು. ದಕ್ಷಿಣದ ಪಕ್ಕವೂ ತೆರೆದಿತ್ತು. ಚಿತ್ರಗಳಲ್ಲಿ ಕಂಡ ಹಾಗೆಯೇ ಇರಬೇಕೆಂದು ಹಟ ಹಿಡಿದು, ನೆಲದಿಂದ ಸೂರಿನವರೆಗೆ ಗಾಜನ್ನು ಹಾಕಿಸಿದೆವು. ತೆರೆಯಲು ಬರುವಂತಹುದು ಒಂದೇ ಒಂದು ಚಿಕ್ಕ ಕಿಟಕಿ. ಮಖಮಲ್ಲಿನ ಸೋಫಾ, ಗಾಜಿನ ಮೇಜು, ಬಣ್ಣದ ದಪ್ಪ ಪರದೆಗಳು, ಮೂಲೆಗೊಂದು ಕುಂಡ, ಎಲ್ಲವೂ ಬಂದುವು. ನೋಡಿದವರೆಲ್ಲ ಹೊಗಳಿದರು. ಶಿವರಾತ್ರಿ ಕಳೆಯುತ್ತಲೂ ಬೆಳಗ್ಗೆ ಹತ್ತು ಗಂಟೆಗೇ ಕೋಣೆಯು ಕಾದ ಹಂಚಿನಂತಾಗತೊಡಗಿತು. ಪರದೆಗಳನ್ನು ಎಳೆದೆವು, ಕತ್ತಲಾಯಿತು. ಕತ್ತಲಾಯಿತೆಂದು ದೀಪವನ್ನು ಹಾಕಿದೆವು. ಬಿಸಿಲಿಗಾಗಿ ಕಟ್ಟಿಸಿದ ಕೋಣೆಯಲ್ಲಿ ನಡುಹಗಲಿಗೆ ದೀಪ ಉರಿಸಿದ ಜಾಣರು ನಾವು! ಬರಬರುತ್ತ ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ಹಳೆಯ ಪತ್ರಿಕೆಗಳ ಕಟ್ಟು, ಮಕ್ಕಳ ಸೈಕಲ್ಲು ಅಲ್ಲಿ ಸೇರಿಕೊಂಡವು.

ನಮ್ಮ ಅತ್ತೆಯವರಿಗೆ ಅದರ ಹಿಂದಿನ ವರ್ಷ ಸೊಂಟದ ಮೂಳೆ ಮುರಿದಿತ್ತು. ಅದುವರೆಗೆ ಚಳಿಗಾಲದ ಬೆಳಗುಗಳನ್ನು ಅವರು ಮಹಡಿಯ ಮೇಲೆ ಹಪ್ಪಳ ಸಂಡಿಗೆಗಳ ನಡುವೆ ಕಳೆಯುತ್ತಿದ್ದವರು. ಈಗ ಮೆಟ್ಟಲು ಹತ್ತುವ ಹಾಗಿರಲಿಲ್ಲ. ಒಂದು ದಿನ ನಾವು ಹಿತ್ತಲಿಗೆ ಹೋದಾಗ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕಿರಿದಾದ ಮೆಟ್ಟಲಿನ ಮೇಲೆ, ಒಂದು ಕೈಯಲ್ಲಿ ಗೋಡೆಯನ್ನು ಹಿಡಿದುಕೊಂಡು, ಎರಡು ಮನೆಗಳ ಸಂದಿನಿಂದ ಬೀಳುತ್ತಿದ್ದ ಬೊಗಸೆಯಷ್ಟು ಬಿಸಿಲಿಗೆ ಮುಖವೊಡ್ಡಿ ಅವರು ಕುಳಿತಿದ್ದರು. ನೆಲ ಒದ್ದೆಯಾಗಿತ್ತು. ನಮಗೆ ಎದೆ ಧಸಕ್ಕೆಂದಿತು. “ಅತ್ತೇ, ಮುಂದೆ ಅಷ್ಟು ಚೆನ್ನಾದ ಕೋಣೆ ಇದೆಯಲ್ಲಾ, ಇಲ್ಲೇಕೆ ಬಂದಿರಿ?” ಎಂದೆವು.

“ಚೆನ್ನಾಗಿದೆ ಕಣಮ್ಮಾ, ಇಲ್ಲವೆನ್ನಲಿಲ್ಲ. ಆದರೆ ಅದು ನೋಡುವ ಕೋಣೆ. ಕೂತರೆ ಮೈ ಬೇಯುತ್ತೆ. ಪರದೆ ಎಳೆದರೆ ಕತ್ತಲು. ಹೂವಿನವಳು ಕೂಗಿದ್ದೂ ಕೇಳಿಸೋಲ್ಲ” ಎಂದರು.

ದೂರಿನ ದನಿಯಲ್ಲಿ ಹೇಳಿದ ಮಾತಲ್ಲ ಅದು. ಆದರೂ ನಮ್ಮ ಅಲಂಕಾರದ ಹೆಮ್ಮೆ ಅಲ್ಲಿಗೆ ಮುಗಿಯಿತು. ನಾವು ಬೇಕಾದಾಗ ಬೀದಿಗೆ, ಅಂಗಡಿಗೆ, ತೋಟಕ್ಕೆ ಹೋಗಿ ಬರುವವರು. ಮನೆಯಿಂದ ಹೊರಡಲಾಗದವರಿಗೆ ಆ ಒಂದು ಕೋಣೆಯೇ ಬೀದಿ, ಅದೇ ತೋಟ. ಅದನ್ನು ನಾವು ಅತಿಥಿಗಳ ಕಣ್ಣಿಗಾಗಿ ಸಿಂಗರಿಸಿ, ಅವರ ಪಾಲಿನ ಹೊರಲೋಕವನ್ನು ಮುಚ್ಚಿಬಿಟ್ಟಿದ್ದೆವು.

ತಪ್ಪು ಎಲ್ಲಿತ್ತೆಂದು ವಿಚಾರಿಸಿದಾಗ ತಿಳಿದುದಿಷ್ಟು. ಗಾಜಿನ ಕೋಣೆ ಎಂಬುದು ಬಿಸಿಲು ದುರ್ಲಭವಾದ ಶೀತದೇಶಗಳ ಏರ್ಪಾಡು. ಗಾಜು ಸೂರ್ಯನ ಬೆಳಕನ್ನು ಒಳಕ್ಕೆ ಬಿಡುತ್ತದೆ. ಆ ಬೆಳಕಿನಿಂದ ಕಾದ ನೆಲ ಗೋಡೆಗಳು ಹೊಮ್ಮಿಸುವ ಶಾಖವನ್ನು ಮಾತ್ರ ಸುಲಭವಾಗಿ ಹೊರಕ್ಕೆ ಬಿಡುವುದಿಲ್ಲ. ಕಾದ ಗಾಳಿಗೂ ಹೋಗಲು ದಾರಿ ಇರುವುದಿಲ್ಲ. ಹಿಮ ಬೀಳುವ ನಾಡಿನಲ್ಲಿ ಇದು ವರ. ನಮ್ಮಲ್ಲಿ ಚೈತ್ರ ವೈಶಾಖಗಳಲ್ಲಿ ಶಿಕ್ಷೆ. ಇನ್ನೊಂದು ಸಂಗತಿಯೂ ಉಂಟು. ಚರ್ಮದಲ್ಲಿ ‘ಡಿ’ ಜೀವಸತ್ವವು ಹುಟ್ಟುವುದಕ್ಕೆ ಬೇಕಾದ ಅತಿನೇರಳೆ ಕಿರಣಗಳನ್ನು ಕಿಟಕಿಯ ಸಾಧಾರಣ ಗಾಜು ಬಹುಮಟ್ಟಿಗೆ ತಡೆದುಬಿಡುತ್ತದೆ. ಮುಚ್ಚಿದ ಗಾಜಿನ ಹಿಂದೆ ಗಂಟೆಗಟ್ಟಲೆ ಕುಳಿತರೂ ಮೈ ಬೆಚ್ಚಗಾದೀತೇ ಹೊರತು ಆ ಲಾಭ ದೊರೆಯದು. ಬೆಳಗಿನ ಎಳೆಬಿಸಿಲು ಹಿತವಾದುದೇನೋ ನಿಜ. ಆದರೆ ಸೂರ್ಯನು ತಗ್ಗಿನಲ್ಲಿರುವಾಗ ಈ ಕಿರಣಗಳು ಭೂಮಿಯನ್ನು ತಲಪುವುದು ಬಲು ಕಡಮೆ. ಹೊತ್ತೇರಿದ ಮೇಲೆ, ಕಿಟಕಿಯನ್ನು ತೆರೆದಿಟ್ಟು, ತೋಳು ಕಾಲುಗಳ ಮೇಲೆ ಸ್ವಲ್ಪ ಹೊತ್ತು ಬಿಸಿಲು ಬೀಳಗೊಡುವುದೇ ಸರಿಯಾದ ಕ್ರಮ. ಎಷ್ಟು ಹೊತ್ತು ಎಂಬುದನ್ನು ವೃದ್ಧರ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಗೊತ್ತುಮಾಡತಕ್ಕದ್ದು.

ಆದಕಾರಣ ನಮ್ಮ ನಾಡಿನ ಬಿಸಿಲುಕೋಣೆಯ ಲಕ್ಷಣವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಬಿಸಿಲನ್ನು ಕರೆಯುವುದಕ್ಕೂ ಕಳುಹಿಸುವುದಕ್ಕೂ ಅದರಲ್ಲಿ ಅನುಕೂಲವಿರಬೇಕು. ಸೋಫಾ, ಪರದೆ, ಕುಂಡಗಳ ಮಾತು ಆಮೇಲಿನದು.

ಇದಕ್ಕೆ ಮೊದಲು ಸೂರ್ಯನ ದಾರಿಯನ್ನು ತಿಳಿದಿರಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನಲ್ಲಿ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ಆಗ ಪಕ್ಕದ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಣ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯನು ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣದಲ್ಲಿರುತ್ತಾನೆ. ಡಿಸೆಂಬರ್ ತಿಂಗಳ ಕೊನೆಯ ಭಾಗದಲ್ಲಿ ಅವನ ಮಧ್ಯಾಹ್ನದ ಎತ್ತರ 53 ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆಗ ದಕ್ಷಿಣಕ್ಕೆ ತೆರೆದ 7 ಅಡಿ ಎತ್ತರದ ಬಾಗಿಲಿನ ಮೂಲಕ ಬಿಸಿಲು ಸುಮಾರು 5 ಅಡಿ ಒಳಕ್ಕೆ ಬಂದು ನೆಲದ ಮೇಲೆ ಮಲಗುತ್ತದೆ. ಮೇಲೆ 2 ಅಡಿಯ ಸಜ್ಜಾ ಇದ್ದರೂ, ಅದರ ನೆರಳು ಸುಮಾರು 2¾ ಅಡಿ ಮಾತ್ರ ಇಳಿದು ಕೆಳಗಿನ ಭಾಗ ಬಿಸಿಲಿಗೆ ಉಳಿಯುತ್ತದೆ. ಬೇಸಗೆಯ ನಡುಹಗಲಲ್ಲಿ ಅದೇ ಸಜ್ಜಾ ಬಿಸಿಲನ್ನು ಪೂರ್ತಿ ತಡೆಯುತ್ತದೆ. ಬೇಕಾದಾಗ ಬಂದು ಬೇಡವಾದಾಗ ತಾನಾಗಿ ಹೋಗುವ ಇಂತಹ ಅತಿಥಿ ಬೇರೊಬ್ಬನುಂಟೆ? ಪೂರ್ವದ ಬಿಸಿಲು ವರ್ಷವೆಲ್ಲ ಬೆಳಗ್ಗೆ ದೊರೆಯುವುದು. ಪಶ್ಚಿಮದ್ದು ಮಾತ್ರ ಹೊತ್ತಿಳಿಯುವವರೆಗೆ ಒಳಕ್ಕೇ ನುಗ್ಗುವುದಾದ್ದರಿಂದ, ಆ ದಿಕ್ಕು ಒಂದೇ ಗತಿಯಾದವರು ಹೆಚ್ಚು ನೆರಳನ್ನು ಏರ್ಪಡಿಸಿಕೊಳ್ಳಬೇಕು. ಕಲಬುರಗಿ ರಾಯಚೂರುಗಳ ಕಡೆ ಬೇಸಗೆಯ ಮಟ್ಟಿಗೆ ಇದು ಮುಂಜಾನೆಯ ಕೋಣೆ ಮಾತ್ರ ಆದೀತು. ಮಲೆನಾಡಿನಲ್ಲಾದರೋ ಮುಂಗಾರಿನ ಇರಚಲನ್ನು ತಡೆದು ಬೆಳಕನ್ನು ಮಾತ್ರ ಒಳಗೆ ಬಿಡುವ ಗಾಜಿನ ಉಪಕಾರ ದೊಡ್ಡದು.

ಎರಡನೆಯದು ಗಾಳಿ. ನಾವು ಕೂರಿಸಿದ್ದ ಗಾಜಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆಸಿ, ಪೂರ್ತಿ ತೆರೆಯುವ ಕಿಟಕಿಗಳನ್ನು ಇಡಿಸಿದೆವು. ಸೂರಿನ ಹತ್ತಿರ ಉದ್ದಕ್ಕೂ ಗವಾಕ್ಷಿಗಳನ್ನು ಬಿಡಿಸಿದೆವು. ಬಿಸಿ ಗಾಳಿ ಮೇಲಕ್ಕೇರುವುದು ಅದರ ಸ್ವಭಾವ. ಮೇಲೆ ದಾರಿಯಿದ್ದರೆ ಅದು ಹೊರಟುಹೋಗಿ ಕೆಳಗಿನ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಸೊಳ್ಳೆಗಳಿಗಾಗಿ ಕಿಟಕಿಗಳಿಗೆ ಜಾಲರಿಯ ಚೌಕಟ್ಟು ಬೇರೆಯಾಗಿರಲಿ. ಬಿಸಿಲು ಕಾಯುವ ಹೊತ್ತಿನಲ್ಲಿ ಅದನ್ನು ಸರಿಸಬಹುದು. ಬೆಂಗಳೂರಿನ ಹಳೆಯ ಬಂಗಲೆಗಳ ಮುಂಭಾಗದಲ್ಲಿ ಮರದ ಪಟ್ಟಿಗಳನ್ನು ಹೆಣೆದ ಜಾಲಂದ್ರಗಳನ್ನು ನೋಡಿದವರಿಗೆ, ಬೆಳಕನ್ನು ಸೋಸಿ ಗಾಳಿಯನ್ನು ಬಿಡುವ ಈ ಯುಕ್ತಿ ಹೊಸದಲ್ಲವೆಂದು ಗೊತ್ತು. ಮೇಲ್ಛಾವಣಿಗೆ ಗಾಜನ್ನಾಗಲಿ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನಾಗಲಿ ಹೊದಿಸುವುದು ಬಯಲುಸೀಮೆಯಲ್ಲಿ ಸರ್ವಥಾ ಕೂಡದು. ಬಾಲ್ಕನಿಯನ್ನು ಮುಚ್ಚಿಸುವವರು ವಸತಿಸಮುಚ್ಚಯದ ಸಂಘದ ಒಪ್ಪಿಗೆಯನ್ನು ಮೊದಲೇ ಪಡೆಯಲಿ. ಕಬ್ಬಿಣದ ಸರಳುಗಳನ್ನು ಹಾಕಿಸಿದರೆ, ಅಪಾಯದ ಸಮಯದಲ್ಲಿ ಒಳಗಿನಿಂದ ತೆರೆಯುವ ಒಂದು ಭಾಗವಿರಲಿ.

ಮೂರನೆಯದು ನೆರಳು. ಒಳಗೆ ಕಟ್ಟಿದ ಪರದೆ ಬೆಳಕನ್ನು ತಡೆದೀತು. ಗಾಜನ್ನು ದಾಟಿ ಬಂದ ಶಾಖವನ್ನು ಹಿಂದಕ್ಕೆ ಅಟ್ಟಲಾರದು. ಅದೇ ಬಿದಿರಿನ ಪರದೆಯನ್ನು ಗಾಜಿನ ಹೊರಮೈಗೆ ಇಳಿಬಿಟ್ಟರೆ ಶಾಖ ಬಾಗಿಲಲ್ಲೇ ನಿಲ್ಲುತ್ತದೆ. ಒಳಗೆ ಬೇಕಾದರೆ ತೆಳುವಾದ ಬಿಳಿಯ ಖಾದಿ ಸಾಕು. ಗೋಡೆಗಳಿಗೆ ಬಿಳಿ ಅಥವಾ ಹಾಲುಗೆನೆಯ ಬಣ್ಣ ಒಪ್ಪುವುದು. ಹೊಳಪು ಬಣ್ಣ ಕಣ್ಣನ್ನು ಕುಕ್ಕುತ್ತದೆ.

ಇನ್ನು ಆಸನಗಳ ವಿಚಾರ. ಮಖಮಲ್ಲು ಬಿಸಿಲಿಗೆ ಬಣ್ಣಗೆಟ್ಟಿತು. ಅದನ್ನು ನಡುಮನೆಗೆ ಸಾಗಿಸಿದೆವು. ಬೀಟೆಯ ಮರದ ಹಳೆಯ ಪೆಟ್ಟಿಗೆ, ಪುಸ್ತಕ, ಪಟಗಳಿಗೂ ಇದು ತಕ್ಕ ಸ್ಥಳವಲ್ಲ. ಬೆತ್ತದ ಕುರ್ಚಿ ಮೈಗೆ ಕಾಯುವುದಿಲ್ಲ, ಎತ್ತಿ ಸರಿಸಲು ಹಗುರ; ಬಿಸಿಲು ಸರಿದಂತೆ ಅದೂ ಸರಿಯಬಹುದು. ವೃದ್ಧರಿಗೆ ಆಸನವು ಸುಮಾರು 18 ಅಂಗುಲ ಎತ್ತರವಿದ್ದು, ಊರಿ ಏಳಲು ಗಟ್ಟಿಯಾದ ಕೈಗಳಿರಬೇಕು. ಆಳವಾದ ಆರಾಮಕುರ್ಚಿಯಲ್ಲಿ ಕುಳಿತವರು ಏಳಬೇಕಾದರೆ ಇನ್ನೊಬ್ಬರನ್ನು ಕೂಗಬೇಕಾಗುತ್ತದೆ. ಆ ಪರಾಧೀನತೆ ಎಷ್ಟು ನೋಯಿಸುವುದೆಂದು ಅನುಭವಿಸಿದವರೇ ಬಲ್ಲರು. ಕುರ್ಚಿಯ ಮೇಲೆ ಹಳೆಯ ಹತ್ತಿಯ ಸೀರೆಗಳಿಂದ ಹೊಲಿದ ಒಂದು ಕೌದಿಯನ್ನು ಮಡಿಸಿ ಹಾಕಿದರೆ ಅದಕ್ಕಿಂತ ಮೃದುವಾದ ಮೆತ್ತೆ ಬೇರೆ ಬೇಕಿಲ್ಲ. ನೆಲದ ಮೇಲೆ ಜಾರುವ ಜಮಖಾನೆಗಳು ಬೇಡ. ಬರಿಯ ಕೆಂಪು ಗಾರೆಯ ನೆಲವೇ ಚೆಂದ, ಬಿಸಿಲು ಹೋದ ಮೇಲೂ ಸ್ವಲ್ಪ ಹೊತ್ತು ಅಂಗಾಲಿಗೆ ಬೆಚ್ಚಗಿರುತ್ತದೆ. ಕೈಗೆಟುಕುವಂತೆ ಒಂದು ಮರದ ಪೀಠ ಇರಲಿ. ಅದರ ಮೇಲೆ ಕನ್ನಡಕ, ನೀರಿನ ಚೆಂಬು, ಓದುವ ಪುಸ್ತಕ. ಗಾಜಿನ ಮೇಜು ಬಿಸಿಲನ್ನು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟೆವು.

ಗಿಡಗಳು ಹಸುರನ್ನು ಕೊಡುವಷ್ಟೇ ಇರಲಿ, ಕಾಡಾಗುವುದು ಬೇಡ. ತುಳಸಿ, ದೊಡ್ಡಪತ್ರೆ, ಲೋಳೆಸರ ಇವು ಬಿಸಿಲನ್ನು ಒಲಿದವು. ಜರೀಗಿಡದಂತಹ ಕೋಮಲವಾದವುಗಳನ್ನು ಒಳಮೂಲೆಗೆ ಇಡಬೇಕು. ಕುಂಡಗಳ ಕೆಳಗಣ ತಟ್ಟೆಗಳಲ್ಲಿ ನೀರು ನಿಂತರೆ ಡೆಂಗ್ಯೂ ತರುವ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟಂತೆ. ಅವನ್ನು ವಾರಕ್ಕೆ ಎರಡು ಸಲವಾದರೂ ಚೆಲ್ಲಿ ಉಜ್ಜಿ ತೊಳೆಯತಕ್ಕದ್ದು.

ಇಷ್ಟನ್ನೆಲ್ಲ ಓದಿ ಒಂದೇ ದಿನ ಬಡಗಿಯನ್ನೂ ಗಾರೆಯವನನ್ನೂ ಕರೆಯಿಸಬೇಡಿರೆಂದು ವಾಚಕರಲ್ಲಿ ನಮ್ಮ ವಿನಂತಿ. ಮೊದಲು ಮನೆಯಲ್ಲಿರುವ ಒಂದು ಹಳೆಯ ಕುರ್ಚಿಯನ್ನು ಆ ಸ್ಥಳಕ್ಕೆ ಒಯ್ದು, ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಒಂದೊಂದು ಗಳಿಗೆ ನೀವೇ ಕುಳಿತು ನೋಡಿರಿ. ಆಮೇಲೆ ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ಯಾರೋ ಅವರನ್ನು ಕೂರಿಸಿ ಕೇಳಿರಿ. ನಾವು ಮಾಡದೆ ಹೋದ ಕೆಲಸ ಇದೊಂದೇ. ಇದನ್ನು ಮಾಡಿದ್ದರೆ ಎರಡು ಸಲ ಹಣ ತೆರಬೇಕಾಗಿರಲಿಲ್ಲ, ಒದ್ದೆ ಮೆಟ್ಟಲಿನ ಮೇಲೆ ಅವರು ಕೂರಬೇಕಾಗಿಯೂ ಇರಲಿಲ್ಲ.

ಈಗ ಮಾರ್ಗಶಿರದ ಬೆಳಗಿನಲ್ಲಿ ನಮ್ಮ ಅತ್ತೆಯವರು ಅಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಾರೆ. ಕಿಟಕಿ ತೆರೆದಿರುತ್ತದೆ. ಹೂವಿನವಳು ಬೀದಿಯ ತಿರುವಿನಲ್ಲಿ ಕೂಗಿದ ಕೂಡಲೇ ಇವರು ಇಲ್ಲಿಂದಲೇ ಬೆಲೆ ಕೇಳುವರು. ಇಬ್ಬರಿಗೂ ಒಂದು ಮೊಳದ ವಿಷಯಕ್ಕೆ ದಿನವೂ ವಾದ. ಮೊನ್ನೆ ಮನೆಗೆ ಬಂದ ಸ್ನೇಹಿತೆಯೊಬ್ಬರು ಆ ಕೋಣೆಯನ್ನು ನೋಡಿ, “ಇಲ್ಲಿ ಏನೂ ಇಲ್ಲವಲ್ಲ!” ಎಂದರು. ಅತ್ತೆಯವರು ತಲೆಯೆತ್ತದೆ, “ಕೂತುಕೊಳ್ಳಮ್ಮ, ಒಂದು ಹಿಡಿ ಕಾಯಿ ಬಿಡಿಸು” ಎಂದರು. ಬಂದವರು ಮಧ್ಯಾಹ್ನದ ಊಟದ ಹೊತ್ತಿನವರೆಗೆ ಏಳಲಿಲ್ಲ.