ದುಡ್ಡು ತರಬೇಡಿ, ಪಠ್ಯಪುಸ್ತಕ ತನ್ನಿ

ಹತ್ತನೇ ತರಗತಿ ಮಕ್ಕಳ ಅಪ್ಪ ಅಮ್ಮಂದಿರೇ,

ಬಸ್‌ಸ್ಟ್ಯಾಂಡ್ ಗೋಡೆಯಿಂದ ಹಿಡಿದು ಕರೆಂಟು ಕಂಬದವರೆಗೆ ಈಗ ಒಂದೇ ಮಾತು: ‘ಮೂರು ತಿಂಗಳಲ್ಲಿ ಇಂಗ್ಲಿಷ್, ಪಾಸ್ ಗ್ಯಾರಂಟಿ.’ ಹೋದ ವರ್ಷ ನಮ್ಮ ಬೀದಿಯ ಆರು ಮಕ್ಕಳು ಇಂಥದೇ ಒಂದು ಟ್ಯೂಷನ್ನಿಗೆ ಸೇರಿದರು. ಒಂದು ಮನೆಯಲ್ಲಿ ರಾಗಿ ಮಾರಿದ ದುಡ್ಡು ಹೋಯಿತು, ಇನ್ನೊಂದು ಮನೆಯಲ್ಲಿ ಸಂಘದ ಸಾಲ. ಮಕ್ಕಳ ಕೈಗೆ ಬಂದದ್ದು ಝೆರಾಕ್ಸ್ ನೋಟ್ಸು. ಉರು ಹೊಡೆದರು. ಪ್ರವಾಸಕ್ಕೆ ಹಣ ಕೇಳಿ ಅಪ್ಪನಿಗೆ ಪತ್ರ ಬರೆಯುವುದು ಎಲ್ಲರಿಗೂ ಬಾಯಿಪಾಠ. ಪ್ರಿಪರೇಟರಿ ಪರೀಕ್ಷೆಯಲ್ಲಿ ಕುಡಿಯುವ ನೀರಿನ ತೊಂದರೆ ಬಗ್ಗೆ ಪಂಚಾಯಿತಿಗೆ ಬರೆಯಿರಿ ಎಂದು ಬಂತು. ನಮ್ಮ ಹುಡುಗನೊಬ್ಬ ಪಿಡಿಓ ಅವರನ್ನೇ ‘ಪ್ರೀತಿಯ ಅಪ್ಪ’ ಎಂದು ಕರೆದು ಪ್ರವಾಸಕ್ಕೆ ದುಡ್ಡು ಕೇಳಿದ. ಬೀದಿಯೆಲ್ಲ ನಕ್ಕಿತು. ಅವನ ಅಮ್ಮ ನಗಲಿಲ್ಲ. ಅವರು ಸಂಘದ ಕಂತು ಇನ್ನೂ ಕಟ್ಟುತ್ತಿದ್ದರು.

ಟ್ಯೂಷನ್ ಹೇಳುವವರೆಲ್ಲ ಮೋಸಗಾರರು ಎನ್ನುತ್ತಿಲ್ಲ. ಮನಸ್ಸಿಟ್ಟು ಕಲಿಸುವವರೂ ಇದ್ದಾರೆ. ಆದರೆ ಹಣ ಎಣಿಸುವ ಮುಂಚೆ ಇಷ್ಟು ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮಿನಂತೆ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ‘ಕ್ಲಾಸಿನಲ್ಲಿ ಅರ್ಧ, ಮನೆಗೆ ಬಂದರೆ ಪೂರ್ತಿ’ ಎನ್ನುವ ವ್ಯವಹಾರಕ್ಕೆ ತಲೆಬಾಗಬೇಡಿ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳಿಗೆಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ರ‍್ಯಾಂಕು, ಅಂಕಗಳ ಗ್ಯಾರಂಟಿ ಕೊಡುವ ಹಾಗಿಲ್ಲ. ಪೂರ್ತಿ ಫೀಸು ಕಟ್ಟಿದ ಮಗು ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು. ಯಾರದೋ ಮನೆ ಶೆಡ್ಡಿನಲ್ಲಿ ನಡೆಯುವ ಸಣ್ಣ ಟ್ಯೂಷನ್ನಿಗೆ ಇದು ತಾಗುವುದಿಲ್ಲ. ಅಲ್ಲಿ ನಿಮಗೆ ರಸೀದಿಯೊಂದೇ ಆಸರೆ, ಕೇಳಿ ಪಡೆಯಿರಿ.

ಇನ್ನು ಪರೀಕ್ಷೆಯ ಮಾತು. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಬರೆಯುವುದು 80 ಅಂಕಕ್ಕೆ, ಉಳಿದ 20 ಶಾಲೆಯ ಆಂತರಿಕ ಅಂಕ. ಇತ್ತೀಚಿನ ಪತ್ರಿಕೆಗಳನ್ನು ತೆಗೆದು ನೋಡಿ: ಪತ್ರಕ್ಕೆ 5, ಪ್ರಬಂಧಕ್ಕೆ 4, ಓದಿಲ್ಲದ ಗದ್ಯ ಕೊಟ್ಟು ಕೇಳುವ ಪ್ರಶ್ನೆಗಳಿಗೆ 4, ಚಿತ್ರ ನೋಡಿ ಬರೆಯುವುದಕ್ಕೆ 3, ಸುಳಿವು ಹಿಡಿದು ಕಥೆ ಬೆಳೆಸುವುದಕ್ಕೆ 3. ಇದ್ಯಾವುದೂ ಉರು ಹೊಡೆದರೆ ದಕ್ಕುವಂಥದ್ದಲ್ಲ. ನಾವು ನೋಡಿದ ಬಹುಪಾಲು ಮಕ್ಕಳಿಗೆ ಉತ್ತರಕ್ಕಿಂತ ಪ್ರಶ್ನೆಯೇ ಕಷ್ಟ. ಏನು ಕೇಳಿದ್ದಾರೆ ಎಂದೇ ತಿಳಿಯದು, ಏಕೆಂದರೆ ಏಳೆಂಟು ವರ್ಷ ಇಂಗ್ಲಿಷನ್ನು ಬೋರ್ಡಿನಿಂದ ಇಳಿಸಿಕೊಂಡಿದ್ದಾರೆಯೇ ಹೊರತು ಬಾಯಿಬಿಟ್ಟು ಓದಿಲ್ಲ.

ಆದ್ದರಿಂದ ನಮ್ಮ ಕರೆ ಒಂದೇ: ಓದಿಸೋಣ. ದಿನಾ, ಗಟ್ಟಿಯಾಗಿ, ಎಲ್ಲರೂ ಒಟ್ಟಿಗೆ ಕೂತು.

ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಇದೆ. ಒಬ್ಬನೇ ಮಲಗಲು ಹೆದರಿ ಬೆಂಚಿನ ಕೆಳಗೆ ಮುದುಡಿಕೊಂಡ ಸ್ವಾಮಿ ಕಳ್ಳನ ಕಾಲು ಕಚ್ಚಿ ಹಿಡಿಯುವ ಕಥೆ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ನೋಡಿದ ನಿಮಗೆ ಸ್ವಾಮಿ ಹಳೇ ಪರಿಚಯವೇ. ಇಂಗ್ಲಿಷ್ ಬರದಿದ್ದರೂ ಆ ಕಥೆಯನ್ನು ಮಗುವಿಗೆ ಕನ್ನಡದಲ್ಲಿ ಹೇಳಬಲ್ಲಿರಿ. ಕಥೆ ತಲೆಗೆ ಹೋದ ಮೇಲೆ ಪುಸ್ತಕದ ವಾಕ್ಯ ಅಷ್ಟು ಹೆದರಿಸುವುದಿಲ್ಲ. ‘ದಿ ಸಾಂಗ್ ಆಫ್ ಇಂಡಿಯಾ’ ಪದ್ಯ ಬರೆದವರು ನಮ್ಮ ವಿನಾಯಕ ಕೃಷ್ಣ ಗೋಕಾಕರು. ಶಾಲೆಯಲ್ಲಿ ಕನ್ನಡಕ್ಕೇ ಮೊದಲ ಸ್ಥಾನ ಎಂದು 1981ರಲ್ಲಿ ವರದಿ ಕೊಟ್ಟ ಅದೇ ಗೋಕಾಕರು, ಕೆಲಸದಲ್ಲಿ ಇಂಗ್ಲಿಷ್ ಮೇಷ್ಟ್ರು! ಕನ್ನಡ ಮೀಡಿಯಂ ಎಂದು ಕುಗ್ಗಿ ಕೂರುವ ಮಗುವಿಗೆ ಇದನ್ನು ತಪ್ಪದೆ ಹೇಳಿ.

ಈ ಓದು ಬರುವ ಸೋಮವಾರದಿಂದ ಸಂಜೆ ಆರರಿಂದ ಏಳೂವರೆ, ಪಂಚಾಯಿತಿ ಗ್ರಂಥಾಲಯದಲ್ಲಿ. ಫೀಸು ಇಲ್ಲ. ಗೈಡು ಬೇಡ. ಶಾಲೆಯಲ್ಲಿ ಕೊಟ್ಟ ಪುಸ್ತಕ, ಒಂದು ಗೆರೆ ಪುಸ್ತಕ, ಪೆನ್ನು ಸಾಕು. ಹಳೇ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷಾ ಮಂಡಳಿಯ ಜಾಲತಾಣದಿಂದ ನಾವೇ ತೆಗೆಸಿ ಇಡುತ್ತೇವೆ. ಹೇಳಿಕೊಡುವವರು ಇಬ್ಬರು ಡಿಗ್ರಿ ಹುಡುಗಿಯರು, ನಿವೃತ್ತ ಪೋಸ್ಟ್‌ಮಾಸ್ಟರ್, ಮತ್ತು ಈ ಕರಪತ್ರ ಬರೆದವನು. ನಾನೂ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದವನೇ, ಆ ಹೆದರಿಕೆ ಎಲ್ಲಿ ಕೂತಿರುತ್ತದೆ ಎಂದು ಬಲ್ಲೆ. ಪರೀಕ್ಷೆ ಬರೆಯಲು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಹಿಂದೆ ಫೇಲಾಗಿ ಮನೆಯಲ್ಲಿ ಕೂತವರೂ ನಾಚಿಕೆ ಬಿಟ್ಟು ಬನ್ನಿ.

ಊರಲ್ಲಿ ಇಂಗ್ಲಿಷ್ ಬಲ್ಲವರು ವಾರಕ್ಕೆ ಒಂದು ಸಂಜೆ ಕೊಡಿ. ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸಲು ದಿನಕ್ಕೆ ಇಬ್ಬರು ತಾಯಂದಿರು ಬೇಕು, ಗ್ರಂಥಾಲಯದಲ್ಲಿ ಹೆಸರು ಬರೆಸಿ. ಕೈಯಲ್ಲಿ ಟಾರ್ಚ್ ಇರಲಿ. ಗುಡಿ ತಿರುವಿನ ಬೀದಿದೀಪ ಕೆಟ್ಟು ತಿಂಗಳಾಯಿತು. ಅದನ್ನು ಸರಿಮಾಡಿಸಿ ಎಂದು ಪಿಡಿಓ ಅವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದೇ ಮೊದಲ ದಿನದ ಪಾಠ. ಮಂಗಳವಾರ ಬೆಳಿಗ್ಗೆ ಮಕ್ಕಳೇ ಹೋಗಿ ಕೊಟ್ಟು ಬರುತ್ತಾರೆ.