ನಿಯತ್ತಿನ ಉಪವಾಸ: ಪರರಿಗೆ ಕಾಣದ ಲೆಕ್ಕ

ಕನ್ನಡದಲ್ಲಿ ‘ನಿಯತ್ತು’ ಎಂಬ ಮಾತನ್ನು ಬಳಸದವರಿಲ್ಲ. ‘ಆತ ನಿಯತ್ತಿನ ಮನುಷ್ಯ’, ‘ಉಂಡ ಮನೆಗೆ ನಿಯತ್ತು ಬೇಡವೇ?’ ಎಂಬ ಮಾತುಗಳು ಊರಿನ ಜಗಲಿಯಿಂದ ಹಿಡಿದು ಮುಂಬಯಿಯ ಹೋಟೆಲುಗಳ ಗಲ್ಲಾದವರೆಗೆ ದಿನನಿತ್ಯ ಕೇಳಿಬರುತ್ತವೆ. ಅರಬ್ಬಿಯ ‘ನಿಯ್ಯತ್’ ಉರ್ದುವಿನ ದಾರಿಯಾಗಿ ಕನ್ನಡಕ್ಕೆ ಬಂದು ಪ್ರಾಮಾಣಿಕತೆ ಎಂಬ ಅರ್ಥ ಪಡೆಯಿತು. ಮೂಲದಲ್ಲಿ ಅದರ ಅರ್ಥ ಸಂಕಲ್ಪ, ಮನಸ್ಸಿನಲ್ಲಿ ಕಟ್ಟಿಕೊಂಡ ಉದ್ದೇಶ. ಇಸ್ಲಾಮಿನ ಉಪವಾಸದಲ್ಲಿ ಹಸಿವಿಗಿಂತ ಮೊದಲು ಬರುವುದು ಈ ನಿಯ್ಯತ್. ಅದರಲ್ಲೂ ರಮಝಾನ್ ತಿಂಗಳ ಹೊರಗೆ ಸ್ವಂತ ಇಷ್ಟದಿಂದ ಹಿಡಿಯುವ ಐಚ್ಛಿಕ ಉಪವಾಸಗಳಲ್ಲಿ ಈ ಒಂದು ವಿಷಯದ ಸುತ್ತ ನಡೆದಿರುವ ಚರ್ಚೆ, ಪಕ್ಕದ ಮನೆಯವರ ವ್ರತ ಎಂದು ತುಳು-ಕನ್ನಡಿಗರು ನೋಡಿ ಬಿಟ್ಟುಬಿಡುವಷ್ಟು ಸಣ್ಣದಲ್ಲ.

ಒಂದು ಉದಾಹರಣೆ ನೋಡೋಣ. ಮುಂಬ್ರಾದಲ್ಲಿ ವಾಸವಿರುವ ನೌಕರನೊಬ್ಬ ಸೋಮವಾರ ತಡವಾಗಿ ಎದ್ದ. ಚಹಾ ಇಲ್ಲ, ನೀರನ್ನೂ ಕುಡಿಯದೆ ಓಡಿ ಫೋರ್ಟ್ ಕಡೆಗೆ ಹೋಗುವ ಲೋಕಲ್ ಹಿಡಿದ. ಹತ್ತೂವರೆಗೆ ಗಾಡಿಯಲ್ಲಿ ನಿಂತಿದ್ದಾಗ, ‘ಹೇಗೂ ಬೆಳಗ್ಗಿನಿಂದ ಏನೂ ಬಾಯಿಗೆ ಹಾಕಿಲ್ಲ, ಇಂದು ಉಪವಾಸವೇ ಇರೋಣ’ ಎಂದು ಅವನಿಗೆ ಅನಿಸಿತು. ಇದು ಉಪವಾಸವೇ? ಅರ್ಧ ಬೆಳಗು ಕಳೆದ ಮೇಲೆ ಮಾಡಿದ ಸಂಕಲ್ಪಕ್ಕೆ ಬೆಲೆ ಇದೆಯೇ?

ಇದೆ ಎನ್ನುತ್ತದೆ ಬಹುಪಾಲು ಧರ್ಮಶಾಸ್ತ್ರ. ಐಚ್ಛಿಕ ಉಪವಾಸವಾದರೆ, ಬೆಳಕು ಹರಿಯುವ ಫಜ್ರ್ ಹೊತ್ತಿನಿಂದ ಏನನ್ನೂ ತಿನ್ನದೆ ಕುಡಿಯದೆ ಇದ್ದಿದ್ದರೆ, ಹಗಲಿನಲ್ಲೂ ನಿಯ್ಯತ್ ಮಾಡಬಹುದು. ಶಾಫಿ ಪಂಥದಲ್ಲಿ ಸೂರ್ಯ ನೆತ್ತಿಯಿಂದ ಜಾರುವ ಮುನ್ನ ಮಾಡಬೇಕು, ಹನಫಿಗಳಲ್ಲಿ ಅದಕ್ಕಿಂತ ತುಸು ಮೊದಲು, ಹಂಬಲಿಗಳಲ್ಲಿ ಮಧ್ಯಾಹ್ನದ ಬಳಿಕವೂ ಆದೀತು. ಮಾಲಿಕಿ ಪಂಥ ಮಾತ್ರ ಇದಕ್ಕೆ ಒಪ್ಪದು. ಅವರಲ್ಲಿ ಐಚ್ಛಿಕವಾದರೂ ರಾತ್ರಿಯೇ ಸಂಕಲ್ಪವಾಗಬೇಕು. ಒಪ್ಪುವವರಿಗೆ ಆಧಾರ ಪ್ರವಾದಿ ಮುಹಮ್ಮದ್ ಪೈಗಂಬರರ ಮನೆಯದೇ ಘಟನೆ. ಅವರ ಪತ್ನಿ ಆಯಿಷಾ ಹೇಳಿದ್ದನ್ನು ಸಹೀಹ್ ಮುಸ್ಲಿಂ ಸಂಗ್ರಹ ದಾಖಲಿಸಿದೆ. ಒಂದು ದಿನ ಪ್ರವಾದಿಗಳು ಮನೆಗೆ ಬಂದು ತಿನ್ನಲು ಏನಾದರೂ ಇದೆಯೇ ಎಂದು ವಿಚಾರಿಸಿದರು. ಏನೂ ಇಲ್ಲವೆಂದಾಗ, ಹಾಗಾದರೆ ತಾನು ಉಪವಾಸಿಗ ಎಂದರು. ಇನ್ನೊಂದು ದಿನ ಖರ್ಜೂರ, ತುಪ್ಪ ಬೆರೆಸಿದ ‘ಹೈಸ್’ ಎಂಬ ತಿಂಡಿಯನ್ನು ಯಾರೋ ಕಾಣಿಕೆಯಾಗಿ ಕೊಟ್ಟಿದ್ದರು. ಅಂದು ಬೆಳಗ್ಗೆ ಉಪವಾಸ ಆರಂಭಿಸಿದ್ದರೂ ಅದನ್ನು ತರಿಸಿಕೊಂಡು ತಿಂದರು. ಅಡುಗೆಮನೆ ಬರಿದಾಗಿದ್ದ ದಿನ ಸಂಕಲ್ಪ, ತಿಂಡಿ ಬಂದ ದಿನ ಪಾರಣೆ. ಎರಡರಲ್ಲೂ ಬಲವಂತವಿಲ್ಲ.

ರಮಝಾನಿನ ಕಡ್ಡಾಯ ಉಪವಾಸಕ್ಕೆ ಈ ಸಡಿಲಿಕೆ ಎಲ್ಲರಲ್ಲೂ ಇಲ್ಲ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ರತ್ನಾಗಿರಿ ಕಡೆಯ ಕೊಂಕಣಿ ಮುಸ್ಲಿಮರು ಬಹುಮಟ್ಟಿಗೆ ಶಾಫಿಗಳು. ಬಯಲುಸೀಮೆ ಹಾಗೂ ಕಲ್ಯಾಣ ಕರ್ನಾಟಕದ ಉರ್ದು ಮಾತಿನವರು ಹನಫಿಗಳು. ಮುಂಬಯಿಯ ಒಂದೇ ಖೋಲಿಯಲ್ಲಿ ಬಾಡಿಗೆಗಿರುವ ಮಂಗಳೂರಿನ ಯುವಕ ಮತ್ತು ಕಲಬುರಗಿಯ ಯುವಕ ರಮಝಾನಿನ ಒಂದು ರಾತ್ರಿ ನಿಯ್ಯತ್ ಮಾಡದೆ ನಿದ್ದೆ ಹೋದರೆನ್ನಿ. ಕಲಬುರಗಿಯವನು ಮಧ್ಯಾಹ್ನಕ್ಕೆ ಮುನ್ನ ಸಂಕಲ್ಪ ಮಾಡಿಕೊಂಡರೆ ಅವನ ಉಪವಾಸ ಸಲ್ಲುತ್ತದೆ. ಮಂಗಳೂರಿನವನು ಆ ದಿನವನ್ನು ಮುಂದೆ ತುಂಬಿಕೊಡಬೇಕು. ಅದೇ ಮುಂದಿನ ತಿಂಗಳ ಐಚ್ಛಿಕ ಉಪವಾಸಕ್ಕೆ ಬಂದರೆ ಇಬ್ಬರೂ ಹೆಚ್ಚುಕಡಿಮೆ ಸಮಾನರು. ಕಡ್ಡಾಯದಲ್ಲಿ ಬಿಗಿ, ಐಚ್ಛಿಕದಲ್ಲಿ ಸಡಿಲ. ಸಾಲದ ಕಂತಿಗೂ ಉಳಿತಾಯ ಖಾತೆಗೂ ಬ್ಯಾಂಕಿನಲ್ಲಿ ಬೇರೆ ಬೇರೆ ನಿಯಮ ಇರುವುದಿಲ್ಲವೇ?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹತ್ತೂವರೆಗೆ ಸಂಕಲ್ಪ ಮಾಡಿದವನಿಗೆ ಪುಣ್ಯ ಎಂದಿನಿಂದ ಜಮಾ? ಹಿಂದಿನಿಂದ ಜಾರಿಯಾಗುವ ನಮೂದಿನಂತೆ ಫಜ್ರ್ ಹೊತ್ತಿನಿಂದಲೇ ಎಂದು ಶಾಫಿ ವಿದ್ವಾಂಸರ ಪ್ರಬಲ ಅಭಿಪ್ರಾಯ. ಸಂಕಲ್ಪ ಮಾಡಿದ ಗಳಿಗೆಯಿಂದ ಮಾತ್ರ ಎಂದು ಹಂಬಲಿಗಳು. ಹಂಬಲಿ ವಾದ ಲೆಕ್ಕಪತ್ರದವರಿಗೆ ಹೆಚ್ಚು ಒಪ್ಪಿಗೆಯಾದೀತು. ಆದರೆ ಶಾಫಿ ವಾದದಲ್ಲಿ ಔದಾರ್ಯ ಹೆಚ್ಚು.

ಇಷ್ಟೆಲ್ಲ ಚರ್ಚೆ ಏಕೆ ಎಂದರೆ, ಹಸಿದ ಹೊಟ್ಟೆಗಳೆಲ್ಲ ಒಂದೇ ರೀತಿ ಕಾಣುತ್ತವೆ. ರಕ್ತ ಪರೀಕ್ಷೆಗೆಂದು ಬರಿ ಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ಕುಳಿತವನು, ಬೊಜ್ಜು ಇಳಿಸಲು ಊಟ ಬಿಟ್ಟವನು, ಬೇಡಿಕೆಗಾಗಿ ಆಜಾದ್ ಮೈದಾನದಲ್ಲಿ ನಿರಶನ ಕುಳಿತವನು, ಮನೆಯಲ್ಲಿ ಜಗಳವಾಡಿ ಉಣ್ಣದೆ ಬಂದವನು, ಇವರಿಗೂ ಸೋಮವಾರದ ಉಪವಾಸಿಗನಿಗೂ ಹೊರನೋಟಕ್ಕೆ ವ್ಯತ್ಯಾಸವೇ ಇಲ್ಲ. ವ್ಯತ್ಯಾಸವಿರುವುದು ಒಳಗೆ. ಪುರೋಹಿತರು ಪೂಜೆಗೆ ಮುನ್ನ ಸಂವತ್ಸರ, ಮಾಸ, ತಿಥಿ ಹೇಳಿಸಿ ಸಂಕಲ್ಪ ಮಾಡಿಸುವುದೂ, ಜೈನರು ಉಪವಾಸಕ್ಕೆ ಮೊದಲು ವಿಧಿಪೂರ್ವಕ ಪ್ರತಿಜ್ಞೆ ಸ್ವೀಕರಿಸುವುದೂ ಇದಕ್ಕೇ ಇರಬೇಕು. ಇಸ್ಲಾಮಿನಲ್ಲಿ ಬಾಯಿಯಿಂದ ಹೇಳಲೇಬೇಕೆಂಬ ಕಟ್ಟಳೆ ಇಲ್ಲ. ರಮಝಾನಿನಲ್ಲಿ ಸಹರಿ, ಇಫ್ತಾರ್ ಸಮಯದ ಪಟ್ಟಿಗಳಲ್ಲಿ ಅಚ್ಚಾಗುವ ಅರಬ್ಬಿ ವಾಕ್ಯವನ್ನು ಕಂಠಪಾಠ ಮಾಡಿದರೆ ಒಳ್ಳೆಯದು ಎನ್ನುವವರಿದ್ದಾರೆ. ಆದರೆ ನಿಯ್ಯತ್ತಿನ ಜಾಗ ಹೃದಯ ಎಂಬುದರಲ್ಲಿ ಎರಡು ಮಾತಿಲ್ಲ. ನಾಳೆ ಉಪವಾಸ ಎಂದು ಗಡಿಯಾರಕ್ಕೆ ಅಲಾರಂ ಇಟ್ಟು ಮಲಗಿದವನು ನಿಯ್ಯತ್ ಮಾಡಿದವನೇ. ಉಚ್ಚಾರಣೆ ತಪ್ಪೀತೆಂದು ಹೆದರುವ ಹಿರಿಯರಿಗೆ ಯಾರಾದರೂ ಇದನ್ನು ತಿಳಿಸಿ ಹೇಳಬೇಕು.

ಕೆಲಸಗಳ ಬೆಲೆ ಅವುಗಳ ಉದ್ದೇಶದಲ್ಲಿದೆ ಎಂಬ ಪ್ರವಾದಿ ವಚನ ಉಮರ್ ಅವರ ಮೂಲಕ ಬಂದದ್ದು. ಸಹೀಹ್ ಬುಖಾರಿ ಸಂಗ್ರಹ ಆರಂಭವಾಗುವುದೇ ಅದರಿಂದ. ಅಲ್ಲಿ ಪ್ರವಾದಿಗಳು ಕೊಟ್ಟ ಉದಾಹರಣೆ ಉಪವಾಸದ್ದೂ ಅಲ್ಲ, ನಮಾಜಿನದ್ದೂ ಅಲ್ಲ. ಊರು ಬಿಟ್ಟು ಊರಿಗೆ ಹೋಗುವವರದ್ದು. ಲೌಕಿಕ ಲಾಭಕ್ಕೋ ಮದುವೆಗೋ ವಲಸೆ ಹೋದವನಿಗೆ ಸಿಗುವುದು ಅಷ್ಟೇ ಎಂಬುದು ಅದರ ತಾತ್ಪರ್ಯ. ಹೊಟ್ಟೆಪಾಡಿಗೆ ಮುಂಬಯಿ ಸೇರಿದವರ ನಗರದಲ್ಲಿ ಈ ಉದಾಹರಣೆಗೆ ವಿವರಣೆ ಬೇಕಾಗಿಲ್ಲ.

ಈದ್ ಮುಗಿದ ಮೇಲೆ ಬರುವ ಶವ್ವಾಲ್ ತಿಂಗಳ ಆರು ಉಪವಾಸಗಳಿಗೆ ಮುಸ್ಲಿಂ ಮನೆಗಳಲ್ಲಿ ವಿಶೇಷ ಆದರವಿದೆ. ರಮಝಾನ್ ಪೂರ್ಣಗೊಳಿಸಿ ಈ ಆರನ್ನೂ ಹಿಡಿದವನು ವರ್ಷವಿಡೀ ಉಪವಾಸ ಮಾಡಿದಂತೆ ಎಂಬ ಹದೀಸ್ ಇದೆ. ಒಳಿತಿಗೆ ಹತ್ತು ಪಟ್ಟು ಎಂಬ ಲೆಕ್ಕದಂತೆ 30 ದಿನಕ್ಕೆ 300, 6ಕ್ಕೆ 60, ಒಟ್ಟು 360. ಆದರೆ ಎಂಟನೆಯ ಶತಮಾನದ ಮದೀನಾದಲ್ಲಿದ್ದ ಇಮಾಂ ಮಾಲಿಕ್ ಇದನ್ನು ಮೆಚ್ಚಲಿಲ್ಲ. ಜ್ಞಾನಿಗಳಾರೂ ಇದನ್ನು ಹಿಡಿಯುವುದು ಕಂಡಿಲ್ಲವೆಂದೂ, ತಿಳಿಯದವರು ಇದನ್ನು ರಮಝಾನಿಗೇ ಸೇರಿಸಿಬಿಟ್ಟಾರೆಂದೂ ತಮ್ಮ ‘ಮುವತ್ತಾ’ ಗ್ರಂಥದಲ್ಲಿ ಆತಂಕಪಟ್ಟರು. ಇಷ್ಟದಿಂದ ಮಾಡುವುದು ಕಾಲಕ್ರಮೇಣ ಕಡ್ಡಾಯದಂತಾಗಿ, ಮಾಡದವನನ್ನು ನೆರೆಕರೆಯವರು ಕೆಳಗಣ್ಣಿನಿಂದ ನೋಡುವ ಅಪಾಯವನ್ನು ಅವರು ಅಂದೇ ಕಂಡಿರಬೇಕು. ಬೇರೆ ಪಂಥಗಳು ಹದೀಸನ್ನೇ ಎತ್ತಿ ಹಿಡಿದವು. ಆದರೂ ಮಾಲಿಕರ ಅಂಜಿಕೆ ಇಂದಿಗೂ ಹಳತಾಗಿಲ್ಲ. ಮೊಬೈಲಿನ ಸ್ಟೇಟಸ್‌ನಲ್ಲಿ ಮೂರು ಆಯಿತು, ಇನ್ನು ಮೂರು ಎಂದು ಲೆಕ್ಕ ಹಾಕುವವರನ್ನು ಕಂಡರೆ ಅವರು ಏನೆನ್ನುತ್ತಿದ್ದರೋ.

ಈ ಆರು ದಿನಗಳ ಭಾರ ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆ. ಮುಟ್ಟಿನ ದಿನಗಳಲ್ಲಿ ರಮಝಾನ್ ಉಪವಾಸ ಹಿಡಿಯುವಂತಿಲ್ಲ. ಬಿಟ್ಟ ಐದಾರು ದಿನಗಳನ್ನು ಮತ್ತೆ ತುಂಬಿಕೊಡಬೇಕು. ಇದೇ ಕಝಾ. ಈದ್ ಆದ ಮೇಲೆ ಮನೆಯವರೆಲ್ಲ ಉಣ್ಣುತ್ತಿರುವಾಗ ಇವಳು ಬಡಿಸುತ್ತಾ ಉಪವಾಸವಿರಬೇಕು. ಮೊದಲು ಕಝಾ ತೀರಿಸಬೇಕೇ, ಶವ್ವಾಲಿನ ಆರು ಹಿಡಿಯಬೇಕೇ? ಒಂದೇ ದಿನಕ್ಕೆ ಎರಡು ನಿಯ್ಯತ್ ಕೂಡಿಸಿದರೆ ಆದೀತೇ? ನಂತರದ ಶಾಫಿ ವಿದ್ವಾಂಸರಲ್ಲಿ ಹಲವರು, ಶವ್ವಾಲಿನಲ್ಲಿ ಕಝಾ ತೀರಿಸಿದವಳಿಗೆ ಆರು ದಿನಗಳ ಮೂಲ ಪುಣ್ಯವೂ ಒದಗೀತು ಎಂದಿದ್ದಾರೆ. ಸಾಲ ಬೇರೆ, ದಾನ ಬೇರೆ. ಒಂದು ಚೆಕ್ಕಿನಲ್ಲಿ ಎರಡೂ ತೀರದು ಎಂಬ ನಿಲುವಿನವರೂ ಇದ್ದಾರೆ. ಆಯಿಷಾ ಅವರೇ ತಮ್ಮ ಬಾಕಿ ದಿನಗಳನ್ನು ಮುಂದಿನ ಶಾಬಾನಿನಲ್ಲಿ, ಎಂದರೆ ಮತ್ತೊಂದು ರಮಝಾನ್ ಹೊಸ್ತಿಲಿಗೆ ಬಂದಾಗ, ತೀರಿಸುತ್ತಿದ್ದರು ಎಂಬುದು ಬುಖಾರಿಯಲ್ಲಿದೆ. ಮನೆಗೆಲಸ, ಮಕ್ಕಳ ಶಾಲೆ, ನೀರು ಬರುವ ಹೊತ್ತಿಗೆ ಏಳುವುದು, ಇವೆಲ್ಲದರ ನಡುವೆ ಉಪವಾಸ ಹಿಡಿಯುವ ಗೃಹಿಣಿಗೆ ಉದಾರವಾದ ಅಭಿಪ್ರಾಯವನ್ನು ತಿಳಿಸಿ ಹೇಳುವುದೇ ಲೇಸು.

ಗಂಡ ಮನೆಯಲ್ಲಿರುವಾಗ ಹೆಂಡತಿ ಐಚ್ಛಿಕ ಉಪವಾಸಕ್ಕೆ ಅವನ ಒಪ್ಪಿಗೆ ಪಡೆಯಬೇಕೆಂಬ ಹದೀಸನ್ನು ಕೆಲವು ಗಂಡಸರು ಚೆನ್ನಾಗಿ ನೆನಪಿಟ್ಟಿರುತ್ತಾರೆ. ಅಬು ದರ್ದಾ ಅವರ ಮನೆಯ ಘಟನೆ ಅಷ್ಟು ನೆನಪಿನಲ್ಲಿರುವುದಿಲ್ಲ. ಪರ್ಷಿಯಾದಿಂದ ಬಂದ ಸಲ್ಮಾನ್ ಒಮ್ಮೆ ಅವರ ಮನೆಗೆ ಹೋದಾಗ ಗೃಹಿಣಿ ಮಾಸಿದ ಬಟ್ಟೆಯಲ್ಲಿದ್ದರು. ವಿಚಾರಿಸಿದರೆ, ತನ್ನ ಗಂಡನಿಗೆ ಈ ಲೋಕದ ಯಾವುದೂ ಬೇಕಿಲ್ಲವೆಂದರು. ಅಬು ದರ್ದಾ ಊಟ ಬಡಿಸಿ, ತನಗೆ ಉಪವಾಸ, ನೀವು ಉಣ್ಣಿ ಎಂದಾಗ ಸಲ್ಮಾನ್ ಹಟ ಹಿಡಿದರು: ನೀವು ಉಣ್ಣದೆ ನಾನು ಉಣ್ಣಲಾರೆ. ಅಬು ದರ್ದಾ ಉಪವಾಸ ಮುರಿದರು. ದೇವರ ಹಕ್ಕಿನ ಜೊತೆ ನಿನ್ನ ದೇಹಕ್ಕೂ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ಸಲ್ಮಾನ್ ಹೇಳಿದ್ದನ್ನು ಪ್ರವಾದಿಗಳು ಸರಿಯೆಂದರು. ಇಲ್ಲಿ ತಿದ್ದಿಸಿಕೊಂಡದ್ದು ಉಪವಾಸಿಗ ಗಂಡ. ಅತಿಥಿಗಾಗಿ ಐಚ್ಛಿಕ ಉಪವಾಸ ಮುರಿದರೆ ತಪ್ಪಿಲ್ಲ ಎಂಬುದೂ ಈ ಘಟನೆಯಿಂದ ತಿಳಿಯುತ್ತದೆ. ಮುರಿದದ್ದನ್ನು ಇನ್ನೊಂದು ದಿನ ತುಂಬಿಕೊಡಬೇಕು ಎಂದು ಹನಫಿಗಳು, ಬೇಕಿಲ್ಲ ಎಂದು ಶಾಫಿಗಳು.

ನಿಯ್ಯತ್ ಒಂದಿದ್ದರೆ ಎಲ್ಲವೂ ನಡೆದೀತು ಎಂದೂ ತಿಳಿಯಬಾರದು. ಎರಡು ಈದ್‌ಗಳಂದು ಮತ್ತು ಬಕ್ರೀದ್ ನಂತರದ ಮೂರು ದಿನ ಉಪವಾಸ ನಿಷಿದ್ಧ. ಎಲ್ಲರೂ ಉಣ್ಣುವ ಹಬ್ಬದ ದಿನ ಒಬ್ಬನೇ ಹಸಿದು ಕುಳಿತು ಪುಣ್ಯ ಗಳಿಸುವ ಅವಕಾಶವನ್ನು ಧರ್ಮವೇ ಕೊಟ್ಟಿಲ್ಲ.

ರಮಝಾನಿನಲ್ಲಿ ಉಪವಾಸ ಸುಲಭ ಎಂದರೆ ಕೆಲವರಿಗೆ ಸಿಟ್ಟು ಬಂದೀತು. ಆದರೆ ಮೊಹಮ್ಮದ್ ಅಲಿ ರೋಡಿನಲ್ಲಿ ಸಂಜೆಯಾಗುತ್ತಲೇ ಇಡೀ ಬೀದಿ ಉಪವಾಸಿಗನ ಜೊತೆ ಕಾಯುತ್ತದೆ. ರಾಜಕೀಯ ಧುರೀಣರು ಇಫ್ತಾರ್ ಕೂಟ ಇಟ್ಟು ಟೋಪಿ ಧರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಗುರುವಾರದ ಐಚ್ಛಿಕ ಉಪವಾಸಿಗನಿಗೆ ಇದೊಂದೂ ಇಲ್ಲ. ಮಧ್ಯಾಹ್ನ ಸಹೋದ್ಯೋಗಿಗಳು ಡಬ್ಬಿ ಬಿಚ್ಚುವಾಗ ಅವನು ಏನೋ ನೆಪ ಹೇಳಿ ಮೇಜು ಬಿಟ್ಟು ಏಳುತ್ತಾನೆ. ಎಂಟನೆಯ ಶತಮಾನದ ಬಸ್ರಾದಲ್ಲಿ ದಾವೂದ್ ಇಬ್ನ್ ಅಬಿ ಹಿಂದ್ ಎಂಬ ರೇಷ್ಮೆ ವ್ಯಾಪಾರಿ ವಿದ್ವಾಂಸರಿದ್ದರು. ನಲವತ್ತು ವರ್ಷ ಅವರು ಮನೆಯವರಿಗೂ ತಿಳಿಯದಂತೆ ಉಪವಾಸವಿದ್ದರೆಂದು ಕತೆ. ಬೆಳಗ್ಗೆ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ದಾರಿಯಲ್ಲಿ ದಾನ ಮಾಡುತ್ತಿದ್ದರು. ಪೇಟೆಯಲ್ಲಿ ಉಂಡರೆಂದು ಮನೆಯವರು, ಮನೆಯಲ್ಲಿ ಉಂಡು ಬಂದರೆಂದು ಪೇಟೆಯವರು ನಂಬಿದ್ದರು. ನಲವತ್ತು ವರ್ಷ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳದಿದ್ದರೂ ನಡೆಯುತ್ತದೆ. ಡಬ್ಬಾವಾಲಾಗಳ ಈ ನಗರದಲ್ಲಿ ಖಾಲಿಯಾಗಿ ಮನೆಗೆ ಮರಳುವ ಡಬ್ಬಿಗಳಲ್ಲಿ ಅಂಥದ್ದೂ ಒಂದು ಇರಬಹುದು.

ಹಾಗೆಂದು ಸುಳ್ಳು ಹೇಳಿ ಮುಚ್ಚಿಡಬೇಕಿಲ್ಲ. ಊಟಕ್ಕೆ ಕರೆದವರಿಗೆ, ತನಗೆ ಉಪವಾಸವಿದೆ ಎಂದು ತಿಳಿಸಲು ಹದೀಸಿನಲ್ಲೇ ಅನುಮತಿ ಇದೆ. ಕರೆದವರ ಮನಸ್ಸು ನೋಯಬಾರದು ಎಂಬುದಕ್ಕೆ ಹೇಳಿದ್ದು ಡಂಭಾಚಾರವಾಗದು. ಕನ್ನಡ ಸಂಘಗಳ ಪದಾಧಿಕಾರಿಗಳು ಗಮನಿಸಬೇಕಾದದ್ದು ಇಲ್ಲಿಯೇ. ಸಂಘಗಳ ಸಭೆಗಳಿಗೆ ಬ್ಯಾರಿ ಬಂಧುಗಳೂ ಉತ್ತರ ಕರ್ನಾಟಕದ ಮುಸ್ಲಿಂ ಸದಸ್ಯರೂ ಬರುತ್ತಾರೆ. ಸಭೆಯ ನಡುವೆ ಚಹಾ, ಬಟಾಟೆ ವಡೆ ಬರುತ್ತದೆ. ಬೇಡವೆಂದವನನ್ನು, ‘ರಮಝಾನ್ ಮುಗಿಯಿತಲ್ಲ ಮಾರಾಯ, ಇನ್ನೇನು?’ ಎಂದು ಎಲ್ಲರೆದುರು ಕೇಳುವ ಪ್ರೀತಿ ಕರಾವಳಿಯವರಲ್ಲಿ ತುಸು ಜಾಸ್ತಿ. ಸಂಕಷ್ಟಿಯಂದು ಏನೂ ಮುಟ್ಟದ ಸದಸ್ಯನಿಗೆ ಯಾರೂ ಹೀಗೆ ಕಾರಣ ಕೇಳುವುದಿಲ್ಲ. ಆತ ಉತ್ತರಿಸಿದರೆ ಗುಟ್ಟಾಗಿ ಇಟ್ಟದ್ದು ಸಭೆಯ ಮಾತಾಗುತ್ತದೆ, ಉತ್ತರಿಸದಿದ್ದರೆ ಬಿಗುಮಾನದವನೆನಿಸುತ್ತಾನೆ, ಮುಲಾಜಿಗೆ ಒಂದು ಗುಟುಕು ಕುಡಿದರೆ ಬೆಳಗ್ಗಿನಿಂದ ಕಾಪಾಡಿಕೊಂಡದ್ದು ಮುಗಿಯುತ್ತದೆ. ಸೋಮವಾರವೋ ಗುರುವಾರವೋ, ಒಬ್ಬ ಸದಸ್ಯ ಚಹಾ ಬೇಡವೆಂದು ಕೈಯಾಡಿಸಿದರೆ, ಟ್ರೇ ಹಿಡಿದವರು ಎರಡನೆಯ ಸಲ ಕೇಳದೆ ಮುಂದಿನ ಕುರ್ಚಿಗೆ ಹೋದರೆ ಸಾಕು.