ಭಂಗಾರವೋ, ಬಂಗಾರವೋ?



ಪುಣೆ, ಮುಂಬಯಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ 'ಭಂಗಾರ್' ಎಂದರೆ ಗುಜರಿ ಎಂದು ವಿವರಿಸಬೇಕಾಗಿಲ್ಲ. ಅದೇ ಮನೆಯಲ್ಲಿ ಅಮ್ಮ 'ಬಂಗಾರ' ಎಂದರೆ ಚಿನ್ನ. ಎರಡರ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ! ಈ ಸಲ ಅಂಕಣಕ್ಕೆ ಬಂದ ಪತ್ರವೂ ಇದೇ ಮಹಾಪ್ರಾಣದ ಕುರಿತಾದದ್ದು.

ಬರೆದವನು ಪುಣೆಯ ನಮ್ಮ ಹುಡುಗ. ಅವನ ಅಜ್ಜ ಹೋಟೆಲಿಗೆ ತರಕಾರಿ ತರಲೆಂದು ಕೊಂಡಿದ್ದ ಮಹೀಂದ್ರಾ ಪೆಟ್ರೋಲ್ ಜೀಪು ಮನೆಯಲ್ಲಿದೆ. ಹಿಂಬದಿಯನ್ನು ಕತ್ತರಿಸಿ ಪಿಕಪ್ ಮಾಡಿಸಿದ್ದು. ಬೆಳಿಗ್ಗೆ ಸೆಲ್ಫ್ ಹೊಡೆದೊಡನೆ ಸ್ಟಾರ್ಟ್ ಆಗುತ್ತದೆ. ಊರೊಳಗೆ ಸ್ವಲ್ಪ ಸುತ್ತಾಡಿದರೆ ತಕರಾರಿಲ್ಲ. ಆದರೆ ಸಾತಾರಾ ರಸ್ತೆ ಹಿಡಿದು ಕಾತ್ರಜ್ ಘಾಟ್ ಏರತೊಡಗಿದರೆ ನಾಲ್ಕಾರು ಸಲ ಮುಗ್ಗರಿಸಿ ಬಂದ್ ಬೀಳುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಒಂದು ಗ್ಯಾರೇಜಿನಲ್ಲಿ ಕಾಯಿಲ್ ಬದಲಾಯಿಸಿದರು. ಇನ್ನೊಂದರಲ್ಲಿ ಕಾರ್ಬುರೇಟರನ್ನೇ ಬದಲಾಯಿಸಿದರು. ರೋಗ ಮಾತ್ರ ಹಾಗೆಯೇ ಇದೆ. "ಅಪ್ಪ ಭಂಗಾರಿಗೆ ಹಾಕು ಅನ್ನುತ್ತಿದ್ದಾರೆ. ನನಗೆ ಅದರಲ್ಲೇ ಅಪ್ಪನನ್ನು ಕೂರಿಸಿಕೊಂಡು ಒಮ್ಮೆ ಕಾರ್ಕಳಕ್ಕೆ ಹೋಗಬೇಕೆಂಬ ಆಸೆ. ಏನು ಮಾಡಲಿ?" ಎಂದು ಕೇಳಿದ್ದಾನೆ.

ನಾನು ಅವನಿಗೆ ಬರೆದದ್ದನ್ನೇ ನಿಮಗೂ ಹೇಳುತ್ತೇನೆ. ಹಳೆಯ ಬೈಕು, ಹಳೆಯ ಫಿಯೆಟ್, ಯಾವುದೇ ಕಾರ್ಬುರೇಟರ್ ವಾಹನ ನಿಮ್ಮ ಮನೆಯಲ್ಲಿದ್ದರೂ ಇದು ಉಪಯೋಗಕ್ಕೆ ಬಂದೀತು.

ಮೊದಲ ಪಾಠ: ಪಾರ್ಟ್ ಕೊಳ್ಳುವ ಮೊದಲು ಪ್ರಶ್ನೆ ಕೇಳಿ. ಪೆಟ್ರೋಲ್ ಇಂಜಿನ್ ಓಡಲು ಬೇಕಾದವು ನಾಲ್ಕೇ: ಗಾಳಿ, ಪೆಟ್ರೋಲು, ಸಿಲಿಂಡರಿನೊಳಗೆ ಒತ್ತಡ, ಹೊತ್ತಿಗೆ ಸರಿಯಾಗಿ ಕಿಡಿ. ಅರ್ಧ ಗಂಟೆಯ ವಿಶ್ರಾಂತಿಯಿಂದ ತಾನಾಗಿಯೇ ಸರಿಹೋಗುವ ಇಂಜಿನಿನ ಪಿಸ್ಟನ್, ವಾಲ್ವುಗಳನ್ನು ಸಂಶಯಿಸಬೇಕಾಗಿಲ್ಲ. ಉಳಿದ ಆರೋಪಿಗಳು ಇಬ್ಬರು: ಕಿಡಿ ಮತ್ತು ಪೆಟ್ರೋಲು.

ಇಂಜಿನ್ ಹೇಗೆ ಸತ್ತಿತು ಎಂಬುದೇ ಮೊದಲ ಸುಳಿವು. ಕಿಡಿ ಹೋದರೆ ಸಾಮಾನ್ಯವಾಗಿ ಸ್ವಿಚ್ ಆರಿಸಿದಂತೆ ಒಮ್ಮೆಲೇ ಬಂದ್ ಆಗುತ್ತದೆ. ಪೆಟ್ರೋಲು ಹೋದರೆ ಹಸಿದ ಎತ್ತಿನಂತೆ ಮುಗ್ಗರಿಸಿ, ಜಗ್ಗಿ, ಕೊನೆಗೆ ನಿಲ್ಲುತ್ತದೆ. ಆದರೆ ಇದು ಸುಳಿವೇ ಹೊರತು ಸಾಕ್ಷಿಯಲ್ಲ. ಬಿಸಿಯಾದ ಕಾಯಿಲೋ ಕಂಡೆನ್ಸರೋ ಕೈಕೊಟ್ಟಾಗಲೂ ಮಿಸ್ಸಿಂಗ್ ಹೊಡೆಯಬಹುದು. ಸಾಕ್ಷಿ ಬೇಕಾದರೆ ನಿಂತ ಜಾಗದಲ್ಲಿ, ನಿಂತ ಕ್ಷಣದಲ್ಲಿ ಪರೀಕ್ಷೆ ಮಾಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ಯುವುದೆಂದರೆ ಜ್ವರ ಇಳಿದ ಮೇಲೆ ಡಾಕ್ಟರ ಬಳಿ ಹೋದಂತೆ.

ಗಾಡಿಯನ್ನು ರಸ್ತೆಯ ಅಂಚಿಗೆ ತನ್ನಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರದ ಹಿಂದೆ ಕಲ್ಲಿಡಿ. ಬೀಡಿ ಸಿಗರೇಟು ಸೇದುವವರನ್ನು ದೂರ ಕಳಿಸಿ. ಕಿಡಿಯ ಪರೀಕ್ಷೆ ಮೊದಲು. ಪೆಟ್ರೋಲಿನ ಯಾವ ಪೈಪನ್ನೂ ಅದಕ್ಕೆ ಮುಂಚೆ ಬಿಚ್ಚಬಾರದು. ಎಲ್ಲಾದರೂ ಪೆಟ್ರೋಲು ಸೋರುತ್ತಿದ್ದರೆ ಕಿಡಿಯ ಪರೀಕ್ಷೆಯೇ ಬೇಡ.

ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನ ದಪ್ಪ ವೈರನ್ನು ಎಳೆದು, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ತುದಿಯನ್ನು ಇಂಜಿನಿನ ಬೋಳು ಕಬ್ಬಿಣದಿಂದ ಸುಮಾರು 6 ಮಿ.ಮೀ. ದೂರದಲ್ಲಿಡಿ. ಜೊತೆಯವರು ಸೆಲ್ಫ್ ಹೊಡೆಯಲಿ. ಚಟಚಟ ಸದ್ದಿನೊಂದಿಗೆ ನೀಲಿ ಕಿಡಿ ಹಾರಿದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂವರೂ ನಿರಪರಾಧಿಗಳು. ಕಿಡಿ ಹಳದಿಯಾಗಿ ಸೊರಗಿದ್ದರೆ ಅಥವಾ ಬಾರದೇ ಇದ್ದರೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ತೆಗೆಯಿರಿ. ಅದರ ಒಂದು ತುದಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿಗೆ, ಇನ್ನೊಂದನ್ನು ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿ. ದೀಪ ಮಿನುಗಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ ಎಂದರ್ಥ. ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಅಥವಾ ಅದರ ಮುಖಕ್ಕೆ ಕೊಳೆ ಹಿಡಿದಿದೆ. ಉರಿಯದೇ ಇದ್ದರೆ ಕಾಯಿಲಿಗೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಕಾಯಿಲಿನೊಳಗೆ ತಂತಿ ಕಡಿದಿದೆ, ಇಲ್ಲವೇ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ.

ಈ ಜೀಪಿನ ಹರಿಕೇನ್ ಇಂಜಿನ್ ಅಮೆರಿಕದ ವಿಲ್ಲಿಸ್ ಕಂಪನಿ 1950ರಲ್ಲಿ ತಂದದ್ದು. ನಾಲ್ಕು ಸಿಲಿಂಡರ್, 2.2 ಲೀಟರ್. ಪಾಯಿಂಟಿನ ಗ್ಯಾಪ್ 0.5 ಮಿ.ಮೀ., ಪ್ಲಗ್ಗಿನದು 0.75 ಮಿ.ಮೀ., ಕಿಡಿಯ ಸರದಿ 1-3-4-2. ಇಷ್ಟು ನೆನಪಿದ್ದರೆ ಯಾರ ಮುಂದೆಯೂ ಪೆಚ್ಚಾಗಬೇಕಿಲ್ಲ. ಇದರಲ್ಲಿ ಕಂಪ್ಯೂಟರ್ ಇಲ್ಲ. ಇರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಇನ್ನು ಪೆಟ್ರೋಲು. ಇಗ್ನಿಷನ್ ಬಂದ್ ಮಾಡಿ ಕಾರ್ಬುರೇಟರಿನ ಮೇಲಿನ ಗಾಳಿಯ ಕೊಳವೆ ತೆಗೆಯಿರಿ. ಬಾಯಿಯೊಳಗೆ ನೋಡುತ್ತ ಎಕ್ಸಲರೇಟರಿನ ಸರಳನ್ನು ಕೈಯಿಂದ ಎಳೆಯಿರಿ. ಪಿಚಕಾರಿಯಂತೆ ಪೆಟ್ರೋಲು ಚಿಮ್ಮಿದರೆ ಕಾರ್ಬುರೇಟರಿಗೆ ಎಣ್ಣೆ ಬರುತ್ತಿದೆ. ಚಿಮ್ಮದಿದ್ದರೆ ಬಹುತೇಕ ಅದರ ಹೊಟ್ಟೆ ಖಾಲಿ. ಆಗ ಹಿಂದಕ್ಕೆ ಹೋಗಿ: ಎ.ಸಿ. ಪಂಪು, ಫಿಲ್ಟರ್, ರಬ್ಬರ್ ಪೈಪು, ಟ್ಯಾಂಕು.

ಒಂದು ಕಿವಿಮಾತು. ರಸ್ತೆಬದಿಯಲ್ಲಿ ಬಾಟಲಿಯಿಂದ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸೆಲ್ಫ್ ಹೊಡೆಯುವವರನ್ನು ನೀವು ನೋಡಿರಬಹುದು. ಇಂಜಿನ್ ಹಿಮ್ಮುಖವಾಗಿ ಒಮ್ಮೆ ಸೀನಿದರೆ ಬೆಂಕಿ ನೇರ ಕೈಯಲ್ಲಿರುವ ಬಾಟಲಿಗೆ. ಎಂಥ ಅವಸರದಲ್ಲೂ ಇದನ್ನು ಮಾಡಬೇಡಿ, ಮಾಡಲು ಬಿಡಲೂಬೇಡಿ.

ಹಿಂದಿನ ಪೈಪುಗಳಲ್ಲಿ ಒಂದು ಗುಟ್ಟಿದೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪು ಬಿರುಕುಬಿಟ್ಟರೆ ಪೆಟ್ರೋಲು ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಬಿರುಕುಬಿಟ್ಟರೆ ಹನಿಯೂ ಸೋರದೇ ಇರಬಹುದು. ಪಂಪು ಅಲ್ಲಿಂದ ಗಾಳಿಯನ್ನು ಹೀರಿಕೊಳ್ಳುತ್ತದೆ. ಪಂಪಿನೊಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲು ಇಂಜಿನ್ ಆಯಿಲಿಗೆ ಸೇರಬಹುದು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಈಗಂತೂ ಇದು ಮುಖ್ಯ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ಹಳೆಯ ರಬ್ಬರು ಅದಕ್ಕೆಂದು ಮಾಡಿದ್ದಲ್ಲ. ಉಬ್ಬುತ್ತದೆ, ಬಿರುಕು ಬಿಡುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ, ಟ್ಯಾಂಕಿನ ತಳದ ಹಳೆಯ ಕಚರಾವನ್ನೂ ಕದಡುತ್ತದೆ. ಎಥನಾಲ್ ತಾಳುವ ಹೊಸ ಪೈಪು, ಹೊಸ ಡಯಾಫ್ರಮ್, ಹೊಸ ಫಿಲ್ಟರ್ ಹಾಕಿಸಿ. ಆ ಖರ್ಚು ದಂಡವಲ್ಲ.

ಇಷ್ಟು ಬರೆದು, ಕೊನೆಗೊಂದು ಪ್ರಶ್ನೆ ಕೇಳಿದ್ದೆ: "ಟ್ಯಾಂಕ್ ತುಂಬಿಸಿದ ದಿನ ತೊಂದರೆ ಹೆಚ್ಚೋ, ಕಡಿಮೆಯೋ? ಮುಂದಿನ ಸಲ ನಿಂತಾಗ ಬೇರೇನನ್ನೂ ಮುಟ್ಟುವ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಕಿವಿಗೊಟ್ಟು ಕೇಳು."

ಎರಡು ವಾರಕ್ಕೆ ಉತ್ತರ ಬಂತು. ತುಂಬಿಸಿದ ದಿನವೇ ಹೆಚ್ಚಂತೆ. ಕಾತ್ರಜ್ ಏರಿನಲ್ಲಿ ಜೀಪು ನಿಂತೊಡನೆ ಮುಚ್ಚಳ ತಿರುಗಿಸಿದರೆ 'ಸುಸ್' ಎಂದು ಗಾಳಿ ಒಳಗೆ ನುಗ್ಗಿತಂತೆ. ನಾಲ್ಕು ಸಲ ಸೆಲ್ಫ್ ಹೊಡೆದದ್ದಕ್ಕೆ ಇಂಜಿನ್ ಎದ್ದು ಕುಳಿತಿತು. ಅಸಲು ಮುಚ್ಚಳ ಎಲ್ಲೋ ಕಳೆದುಹೋಗಿ, ಯಾರೋ ಗಾಳಿಯ ರಂಧ್ರವಿಲ್ಲದ ಬೇರೆ ಮುಚ್ಚಳ ಬಿಗಿದಿದ್ದರು. ಪೆಟ್ರೋಲು ಖರ್ಚಾದಷ್ಟು ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ನಿರ್ವಾತವುಂಟಾಗಿ ಪಂಪು ಎಷ್ಟು ಎಳೆದರೂ ಬಾರದು. ಟ್ಯಾಂಕ್ ತುಂಬಿದ್ದಾಗ ಒಳಗೆ ಗಾಳಿಯ ಜಾಗ ಕಡಿಮೆ, ಆದ್ದರಿಂದ ಬೇಗ ಕಟ್ಟುತ್ತದೆ. ಘಾಟಿನಲ್ಲಿ ಪೆಟ್ರೋಲು ಹೆಚ್ಚು ಬೇಕು, ಆದ್ದರಿಂದ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ವಾಷರಿನ ಸಂದಿನಿಂದ ಗಾಳಿ ನುಸುಳಿ ತಾನಾಗಿಯೇ ಸರಿಹೋಗುತ್ತದೆ. ಕಾಯಿಲೂ ನಿರಪರಾಧಿ, ಕಾರ್ಬುರೇಟರೂ ನಿರಪರಾಧಿ.

ಪತ್ರದ ಕೊನೆಯ ಸಾಲುಗಳು ನನಗೆ ಎಲ್ಲಕ್ಕಿಂತ ಹಿಡಿಸಿದವು. ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಅಯ್ಯೋ, ನಲವತ್ತು ವರ್ಷದಿಂದ ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತಿದ್ದೇನೆ ಮಾರಾಯಾ! ಒಂದೇ ತೂತಾದರೆ ಎಣ್ಣೆ ಬರುವುದುಂಟಾ? ನನ್ನನ್ನು ಮೊದಲೇ ಕೇಳಬಾರದಿತ್ತಾ?" ಎಂದರಂತೆ.

ಗೆಳೆಯರೆ, ಅದೇ ಈ ಸಲದ ಪಾಠ. ಹೋಟೆಲಿನ ಅಡುಗೆಮನೆಯಲ್ಲಿ ದುಡಿದ ಅಪ್ಪನಿಗೆ ಇಂಜಿನಿನ ಮಾತು ತಿಳಿಯದೆಂದು ಮಗ ಕೇಳಲಿಲ್ಲ. ಮಗ ಕೇಳಲಿಲ್ಲವೆಂದು ಅಪ್ಪ ಹೇಳಲಿಲ್ಲ. ನಡುವೆ ಒಂದು ಮುಚ್ಚಳ ಬಿಗಿಯಾಗಿ ಕುಳಿತಿತ್ತು.

ಹುಡುಗ ಈಗ ರಂಧ್ರವಿರುವ ಸರಿಯಾದ ಮುಚ್ಚಳ ತಂದಿದ್ದಾನೆ. ಕಾರ್ಕಳಕ್ಕೆ ಹೊರಡುವ ಮೊದಲು ನೋಂದಣಿ, ವಿಮೆ, ಪಿ.ಯು.ಸಿ. ಕಾಗದಗಳನ್ನು ನೋಡಿಕೊಳ್ಳಲಿ. ಒಂದು ಜೊತೆ ಪಾಯಿಂಟ್, ಕಂಡೆನ್ಸರ್, ಟೆಸ್ಟ್ ಲ್ಯಾಂಪ್, ಎರಡು ಮೀಟರ್ ಪೈಪು, ಕೈಗೆಟುಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಹಳೆಯ ಕಾಯಿಲನ್ನು ಎಸೆದಿಲ್ಲವಂತೆ. ಅದನ್ನೂ ಡಿಕ್ಕಿಗೆ ಹಾಕಿಕೊಳ್ಳಲಿ, ದಾರಿಯಲ್ಲಿ ಬೇಕಾದೀತು. ಮುಂದಿನ ಸೀಟಿನಲ್ಲಿ ಅಪ್ಪ ಇದ್ದೇ ಇರುತ್ತಾರೆ. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ.